ಹಗ್ಗದ ಈಚೆ ತುದಿ

ಒಂದು ಎಳೆತ ಅಂದರೆ: ಇದ್ದೀನಿ.
ಎರಡು: ಸಡಿಲ ಬಿಡು.
ಮೂರು: ಎಳೆ, ಬೇಗ ಎಳೆ.
ಇಷ್ಟೇ ನಮ್ಮ ವ್ಯಾಕರಣ.
ಹನ್ನೊಂದು ವರ್ಷದಿಂದ ಜವರನಾಯ್ಕನೂ ನಾನೂ
ಇದರಲ್ಲೇ ಮಾತಾಡಿದ್ದು ಹೆಚ್ಚು.
ಠಾಣೆಯಲ್ಲಿ ಅವನು ಬಾಯಿ ಬಿಡುವುದು
ಇಸ್ಪೀಟಿನಲ್ಲಿ ಸೋತಾಗ ಮಾತ್ರ.

ಬೆಳಗಿನ ಜಾವ ಮೂರೂಕಾಲಿಗೆ ಗಂಟೆ ಬಾರಿಸಿತು.
ನಾಲೆಗೆ ವ್ಯಾನು. ಪಾಂಡವಪುರದಾಚೆಯ ತಿರುವು,
ತಡೆಗೋಡೆ ಕಟ್ಟುತ್ತೇವೆಂದು ಗುದ್ದಲಿಪೂಜೆ ಮಾಡಿ
ಹೆಸರಿನ ಕಲ್ಲು ಮಾತ್ರ ನೆಟ್ಟು ಹೋದ ಜಾಗ.
ಮುಹೂರ್ತಕ್ಕೆ ಮೇಲುಕೋಟೆಗೆ ಹೊರಟಿದ್ದರಂತೆ, ನಾಲ್ವರು.

ಆಗಸ್ಟಿನ ನೀರು. ಕಬ್ಬಿಗೆ, ನಾಟಿಗೆ ಬಿಟ್ಟ ನೀರು.
ಬೆಲ್ಲದ ಬಣ್ಣ, ಬೆಲ್ಲದ ಪಾಕದ ಮಂದ.
ದಡದಲ್ಲಿ ನಿಂತರೆ ಏನೂ ಆಗದ ಹಾಗೆ
ಸುಮ್ಮನೆ ಹರಿಯುತ್ತದೆ, ಒಳಗೆ ಗಾಣದೆತ್ತಿನ ಹಟ.
ತೂಬು ಇಳಿಸಿ ಅಂತ ಫೋನು ಹೋಗಿದೆ,
ಇಳಿಸಿದ್ದಾರೆ ಅಂತ ಫೋನು ಬಂದಿದೆ,
ನೀರಿಗೆ ಮಾತ್ರ ಸುದ್ದಿ ಮುಟ್ಟಲು
ಇನ್ನೆರಡು ತಾಸು ಬೇಕು.

ಜವರನಾಯ್ಕ ಕಾಯಲಿಲ್ಲ.
ಬೂಟು ಬಿಚ್ಚಿದ. ತಾಯಿತ ಬಿಚ್ಚಿ ನನ್ನ ಜೇಬಿಗೆ ಹಾಕಿದ,
"ಸಿಕ್ಕಾಕತ್ತದೆ ಕನ್ಲಾ, ಮಡಗಿರು."
ಸೊಂಟಕ್ಕೆ ಗಂಟು ಹಾಕಿದ್ದು ನಾನು.
ಎಳೆದು ನೋಡಿದೆ. ಮತ್ತೆ ಎಳೆದು ನೋಡಿದೆ.
"ಮದ್ವೆ ಮಾಡ್ದಂಗೆ ಗಂಟು ಹಾಕ್ತಿಯಲ್ಲಪ್ಪ" ಅಂದ.
ಇಳಿದ.

ಧೈರ್ಯ ಅನ್ನುತ್ತಾರೆ ಜನ.
ದಡದ ಮೇಲೆ ಮೊಬೈಲು ದೀಪ ಹಿಡಿದು
ಅದನ್ನೇ ಹಿಡಿಯಲು ನಿಂತಿದ್ದರು.
ಅವರಿಗೆ ಕಂಡದ್ದು ಒಂದು ತಲೆ, ಆಮೇಲೆ ಗುಳ್ಳೆ, ಆಮೇಲೆ ನೀರು.
ನನಗೆ ಕಂಡದ್ದೂ ಅಷ್ಟೇ. ಆದರೆ ಅಂಗೈಗೆ
ಅವನು ಎಲ್ಲಿ ಬಾಗಿದ, ಎಲ್ಲಿ ತಡವರಿಸಿದ,
ಯಾವ ಬಾಗಿಲಿಗೆ ಕಾಲು ಕೊಟ್ಟು ನಿಂತ,
ಎಲ್ಲ ತಿಳಿಯುತ್ತಿತ್ತು,
ಕತ್ತಲಲ್ಲಿ ಸ್ವಂತ ಮನೆಯ ಗೋಡೆ ತಿಳಿದಂತೆ.

ಒಂದು ಎಳೆತ. ಇದ್ದಾನೆ.
ಎರಡು. ಬಿಟ್ಟೆ, ಮೂರು ಮಾರು.
ಆಮೇಲೆ

ಏನೂ ಇಲ್ಲ.

ಮೂವತ್ತು ಎಣಿಸಿದೆ.
ಎಳೆದರೆ, ಯಾರ ಕೈಯನ್ನೋ ಅವನು ಆಗತಾನೇ ಹಿಡಿದಿದ್ದರೆ
ಆ ಕೈ ತಪ್ಪಿಹೋಗುತ್ತದೆ.
ಎಳೆಯದಿದ್ದರೆ, ಅವನೇ.
ಇದನ್ನು ಯಾವ ತರಬೇತಿಯಲ್ಲೂ ಹೇಳಿಕೊಡಲಿಲ್ಲ.
ನಲವತ್ತು. ಹಿಂದೆ ಯಾರೋ, ಎಳೀರೋ ಎಳೀರೋ.
ನಲವತ್ತೈದು. ಕೈ ನನ್ನ ಮಾತು ಕೇಳುತ್ತಿಲ್ಲ,
ಎಳೆಯಲು ಹೊರಟಿದೆ, ನಾನು ತಡೆಯುತ್ತಿದ್ದೇನೆ,
ಐವತ್ತೊಂದು, ಜೇಬಿನಲ್ಲಿ ತಾಯಿತ,
ಐವತ್ತೆರಡು

ಮೂರು ಎಳೆತ.

ಆರು ಜನ ಎಳೆದೆವು. ಎಳೆದವರಲ್ಲಿ
ಮೊಬೈಲು ಕೆಸರಿಗೆ ಬಿಸಾಕಿ ಓಡಿಬಂದ ಹುಡುಗನೊಬ್ಬನಿದ್ದ,
ಹೆಸರು ಕೇಳಲಿಲ್ಲ, ಕೇಳಬೇಕಿತ್ತು.
ಮೇಲೆ ಬಂದ ಜವರನಾಯ್ಕ, ಅವನ ಕುತ್ತಿಗೆಗೆ ಜೋತುಬಿದ್ದು
ಎಂಟೊಂಬತ್ತರ ಹುಡುಗಿ, ಜರಿಲಂಗ,
ಕೆಮ್ಮಿದಳು, ಕಾರಿದಳು, ಕೈಗೆ ಸಿಕ್ಕವರನ್ನೆಲ್ಲ ಹೊಡೆದಳು.
ಚಾವಣಿಯಡಿ ಗೇಣುದ್ದ ಗಾಳಿ ಉಳಿದಿತ್ತಂತೆ.
ಅದರಲ್ಲಿ ಮೂಗಿಟ್ಟುಕೊಂಡಿದ್ದಳು.

ಅವನು ಮತ್ತೆ ಇಳಿದ. ಮತ್ತೆ. ಮತ್ತೆ.
ಆ ಮೂವರ ವಿಷಯ ಇಲ್ಲಿ ಬರೆಯುವುದಿಲ್ಲ.
ಠಾಣೆಯ ಪುಸ್ತಕದಲ್ಲಿ ಬರೆದಿದ್ದೇನೆ,
ವಯಸ್ಸು, ಹೊತ್ತು, ನೀಲಿ ಶಾಯಿ.

ಬೆಳಕು ಹರಿದಾಗ ನೀರು ಇಳಿಯಿತು,
ಹೇಳಿದ ಹೊತ್ತಿಗೇ, ವಿಧೇಯ ನೌಕರನಂತೆ.

ಆಸ್ಪತ್ರೆಯಲ್ಲಿ ಅವನ ಮೊಣಕೈ ಹೊಲಿದರು.
ಸೂಜಿ ಕಂಡು ಬೆವರಿದ ಜವರನಾಯ್ಕ.
ಅಷ್ಟು ದೊಡ್ಡ ಆಳು, ಮುಖ ಗೋಡೆಗೆ ತಿರುಗಿಸಿ
"ಒಸಿ ಕೈ ಕೊಡ್ಲಾ" ಅಂದ.
ನರ್ಸಮ್ಮ ನಕ್ಕರು. ನಾನು ನಗಲಿಲ್ಲ.
ಹಗ್ಗ ತಿಂದು ಸುಲಿದಿದ್ದ ನನ್ನ ಅಂಗೈಯನ್ನು
ಅವನು ಒಂದು ಸಲ ಎಳೆದ.

ಠಾಣೆಯ ಕಿಟಕಿಗೆ ಹಗ್ಗ ಒಣಹಾಕಿದ್ದೇನೆ,
ಇನ್ನೂ ತೊಟ್ಟಿಕ್ಕುತ್ತಿದೆ.
ತಾಯಿತ ನನ್ನ ಜೇಬಲ್ಲೇ ಇದೆ.
ಅವನು ಕೇಳಿಲ್ಲ.